ಸೋರೆಕಾಯಿ ಕಹಿಯಾದರೆ ಎಸೆಯಿರಿ

‘ಕಹಿ ಇದ್ದಷ್ಟೂ ಔಷಧಿಗುಣ ಜಾಸ್ತಿ.’ ಬೆಳಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ರಸ ಕುಡಿಯುವವರು ಹೀಗೆಂದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ಭಯವೂ ಆಗುತ್ತದೆ. ಹಾಗಲಕ್ಕೆ ಕಹಿ ಸಹಜ, ಸೋರೆಗೆ ಅಲ್ಲ. ಸೋರೆ ಕಹಿಯಾಗಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಹೆಚ್ಚಾಗಿದೆ ಎಂದೇ ಅರ್ಥ. ತಿನ್ನಲು ಬರುವ ಪ್ರಾಣಿಗಳನ್ನು ದೂರವಿಡಲು ಬಳ್ಳಿ ತಾನೇ ತಯಾರಿಸಿಕೊಳ್ಳುವ ವಿಷ ಅದು. ಕುದಿಸಿದರೂ ಹೋಗುವುದಿಲ್ಲ. ಹೊಟ್ಟೆನೋವು, ವಾಂತಿ, ಭೇದಿಯಿಂದ ಶುರುವಾಗಿ ರಕ್ತವಾಂತಿಗೆ ತಿರುಗಬಹುದು, ರಕ್ತದೊತ್ತಡ ಕುಸಿಯಬಹುದು. ಇದಕ್ಕೆ ಪ್ರತಿವಿಷವೂ ಇಲ್ಲ.

ಪಲ್ಯದಲ್ಲಾದರೆ ಕಹಿ ಹೋಳನ್ನು ಮೊದಲ ತುತ್ತಿಗೇ ಉಗುಳುತ್ತೇವೆ. ರಸವನ್ನು ಮಾತ್ರ ಕಣ್ಣುಮುಚ್ಚಿ ಗಟಗಟ ಕುಡಿಯುತ್ತೇವೆ. ಇಡೀ ಕಾಯಿಯ ವಿಷ ಒಂದೇ ಲೋಟದಲ್ಲಿ ಹೊಟ್ಟೆ ಸೇರುತ್ತದೆ. ಯಾವುದೇ ವಸ್ತು ವಿಷವಾಗುವುದು ಪ್ರಮಾಣದಿಂದ ಎಂದು ಯುರೋಪಿನ ವೈದ್ಯ ಪ್ಯಾರಾಸೆಲ್ಸಸ್ 16ನೇ ಶತಮಾನದಲ್ಲೇ ಹೇಳಿದ್ದ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಈ ರಸ ಕುಡಿದು ತೀರಿಕೊಂಡ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರ ಸಮಿತಿ ಸ್ಪಷ್ಟವಾಗಿ ಹೇಳಿತು: ಮೊದಲು ಸಣ್ಣ ಚೂರು ರುಚಿ ನೋಡಿ, ಕಹಿಯಿದ್ದರೆ ಇಡೀ ಕಾಯಿ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಹಾಗಲದ ರಸ ಬೆರೆಸಿದರೆ ಸೋರೆಯ ಕಹಿ ಗೊತ್ತಾಗುವುದಾದರೂ ಹೇಗೆ?

ಇದೆಲ್ಲದರ ಬೇರು ‘ಗಿಡದಿಂದ ಬಂದದ್ದು ಏನೂ ಮಾಡಲ್ಲ, ಕೆಮಿಕಲ್ ಮಾತ್ರ ವಿಷ’ ಎಂಬ ನಂಬಿಕೆ. ಅಂಗಳದ ಕಣಗಿಲೆ ಹೃದಯದ ಬಡಿತ ನಿಲ್ಲಿಸಬಲ್ಲದು. ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ಬುದ್ಧಿಭ್ರಮಣೆ ತರುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಸೇವಿಸಿದವರ ಜೀವ ಉಳಿಸಲು ಆಸ್ಪತ್ರೆಯಲ್ಲಿ ಕೊಡುವುದೂ ಅದೇ ಅಟ್ರೋಪಿನ್ ಇಂಜೆಕ್ಷನ್. ಅಣು ಎಲ್ಲಿಂದ ಬಂತು ಎಂದು ದೇಹ ಕೇಳುವುದಿಲ್ಲ.

ವಿಷದ ಬಗ್ಗೆ ಇಂಥ ತಪ್ಪು ನಂಬಿಕೆಗಳು ಇನ್ನೂ ಇವೆ. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕೆಂಬುದೂ ತಪ್ಪು: ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಆ್ಯಸಿಡ್ ಆದರೆ ಗಂಟಲನ್ನು ಮತ್ತೆ ಸುಡುತ್ತದೆ. ಇನ್ನು ದೇಹದ ವಿಷ ಹೊರಹಾಕುತ್ತದೆ ಎನ್ನುವ ‘ಡಿಟಾಕ್ಸ್’ ಪಾನೀಯ. ಯಕೃತ್ತು, ಮೂತ್ರಪಿಂಡಗಳು ಸರಿಯಾಗಿದ್ದವರಿಗೆ ಅದರ ಅಗತ್ಯವೇ ಇಲ್ಲ.

ವೈದ್ಯರು ಬರೆದ ಮಾತ್ರೆಗೆ ‘ಸೈಡ್ ಎಫೆಕ್ಟ್ ಇದೆಯಾ?’ ಎಂದು ಹತ್ತು ಸಲ ಕೇಳುವವರು, ವಾಟ್ಸ್ಆ್ಯಪ್‌ನಲ್ಲಿ ಬಂದ ಕಷಾಯಕ್ಕೆ ಅಳತೆಯನ್ನೂ ಕೇಳುವುದಿಲ್ಲ. ಹೇಳಿದವರು ಯಾರು, ಎಷ್ಟು ಕುಡಿಯಬೇಕು, ಯಾರು ಕುಡಿಯಬಾರದು ಎಂಬ ಪ್ರಶ್ನೆಗಳು ಅಲ್ಲಿಗೂ ಬೇಕು. ಸೋರೆ ರಸ ಕುಡಿದ ಮೇಲೆ ವಾಂತಿ ಶುರುವಾದರೆ ‘ದೇಹ ಶುದ್ಧಿಯಾಗುತ್ತಿದೆ’ ಎಂದು ಕಾಯುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಏನು ಕುಡಿದಿರಿ, ಎಷ್ಟು ಕುಡಿದಿರಿ ಎಂದು ವೈದ್ಯರಿಗೆ ಹೇಳಿ.