ಚಿಮಿಣಿ ಎಣ್ಣೆಗೊಂದು ಪರೀಕ್ಷೆ

ಬುಡ್ಡಿದೀಪದ ಚಿಮಿಣಿ ಎಣ್ಣೆ ಬತ್ತಿಯ ತುದಿಯಲ್ಲಿ ಸೌಮ್ಯವಾಗಿ ಉರಿಯುತ್ತದೆ. ಅದಕ್ಕೆ ಪೆಟ್ರೋಲು ಬೆರೆತಿದ್ದರೆ ಬುಡ್ಡಿಯೇ ಸಿಡಿದೀತು. ನೋಡಲು ವ್ಯತ್ಯಾಸ ಗೊತ್ತಾಗದು. ಹಾಗಾದರೆ ತಿಳಿಯುವ ಬಗೆ ಹೇಗೆ?

ಹೊತ್ತಿಕೊಳ್ಳುವುದು ಎಣ್ಣೆಯಲ್ಲ, ಅದರ ಆವಿ. ಎಣ್ಣೆ ಬಿಸಿಯಾದಂತೆ ಆವಿ ಹೆಚ್ಚುತ್ತದೆ. ಗಾಳಿಯೊಡನೆ ಬೆರೆತ ಆವಿಯು ಕಿಡಿ ತಾಗಿದೊಡನೆ ಮಿಂಚುವ ಅತಿ ಕಡಿಮೆ ಉಷ್ಣತೆಯೇ ‘ಫ್ಲಾಶ್ ಪಾಯಿಂಟ್’.

ಇಂಗ್ಲೆಂಡಿನಲ್ಲಿ ಮೊದಲು ಇದನ್ನು ತೆರೆದ ಬಟ್ಟಲಿನಲ್ಲಿ ಅಳೆಯುತ್ತಿದ್ದರು. ಗಾಳಿಗೆ ಆವಿ ಚದುರಿದರೆ ಕೆಟ್ಟ ಎಣ್ಣೆಯೂ ತೇರ್ಗಡೆಯಾಗುತ್ತಿತ್ತು! ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಏಬೆಲ್ ಬಟ್ಟಲಿಗೆ ಮುಚ್ಚಳ ಹಾಕಿದರು. ತೆರೆದ ಬಟ್ಟಲಿನ 100 ಡಿಗ್ರಿ ಫ್ಯಾರನ್‌ಹೀಟ್ ಮಿತಿಗೆ ಬದಲಾಗಿ 1879ರ ಕಾನೂನಿನಲ್ಲಿ ಮುಚ್ಚಿದ ಬಟ್ಟಲಿನ 73 ಡಿಗ್ರಿ ಬಂತು. ಅಳೆಯುವ ಕ್ರಮ ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಏಬೆಲರ ಉಪಕರಣ ಸರಳ. ಹಿತ್ತಾಳೆಯ ಬಟ್ಟಲಲ್ಲಿ ಗುರುತಿನವರೆಗೆ ಎಣ್ಣೆ, ಹೊರಗೆ ಬಿಸಿನೀರಿನ ಪಾತ್ರೆ, ಎಣ್ಣೆಯೊಳಗೆ ಉಷ್ಣಮಾಪಕ. ಉಷ್ಣತೆ ಮೆಲ್ಲನೆ ಏರುತ್ತಿರುವಾಗ ಆಗಾಗ ಮುಚ್ಚಳದ ಕಿಂಡಿ ಸರಿಸಿ, ಕಿರುಜ್ವಾಲೆಯೊಂದನ್ನು ಕ್ಷಣಕಾಲ ಒಳಗಿಳಿಸುತ್ತಾರೆ. ನೀಲಿ ಮಿಂಚು ಕಂಡಾಗಿನ ಅಂಕಿಯೇ ಉತ್ತರ. ಅವಸರದಿಂದ ಕಾಯಿಸಿದರೆ ಲೆಕ್ಕ ತಪ್ಪುತ್ತದೆ.

ಭಾರತೀಯ ಮಾನಕದಂತೆ ಸೀಮೆಎಣ್ಣೆಯ ಫ್ಲಾಶ್ ಪಾಯಿಂಟ್ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿರಕೂಡದು. ಪೆಟ್ರೋಲಿನದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಆದ್ದರಿಂದ ತುಸು ಬೆರಕೆಯಾದರೂ ಅಂಕಿ ಕುಸಿಯುತ್ತದೆ. ಪ್ರಯೋಗಶಾಲೆಯಲ್ಲಿ ಮೋಸ ಬಯಲಾಗುತ್ತದೆ.

ಈ ಪರೀಕ್ಷೆಯನ್ನು ಮನೆಯಲ್ಲಿ ಕಡ್ಡಿ ಗೀರಿ ಮಾಡಹೋಗಬೇಡಿ. ನಮ್ಮ ಬೇಸಗೆಯ ಮಧ್ಯಾಹ್ನವೂ 35 ಡಿಗ್ರಿ ಮುಟ್ಟುವುದುಂಟು. ಉರಿಯುವ ದೀಪದ, ಸ್ಟವ್ವಿನ ಬುಡ ಅದಕ್ಕಿಂತ ಬಿಸಿ. ಎಣ್ಣೆ ಶುದ್ಧವೇ ಇರಲಿ, ಮೊದಲು ದೀಪ ಆರಿಸಿ, ತಣಿಯಲು ಬಿಡಿ. ಆಮೇಲೆ ಎಣ್ಣೆ ಹೊಯ್ಯಿರಿ.