ಮನೆಯ ಸ್ಕ್ಯಾನರಿನಲ್ಲಿ ದಾಖಲೆಗಳ ಸಂರಕ್ಷಣೆ

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ಭಾಗದ ಹಳೆಯ ವರ್ತಕ ಮನೆತನಗಳ ತಿಜೋರಿಗಳಲ್ಲಿ ಹೈದರಾಬಾದ್ ಸಂಸ್ಥಾನದ ಕಾಲದ ಉರ್ದು ದಸ್ತಾವೇಜು, 1956ರ ಏಕೀಕರಣದ ನಂತರದ ಛಾಪಾ ಕಾಗದದ ಪತ್ರ, ನಿನ್ನೆಯ ಬಿಲ್ಲು ಎಲ್ಲವೂ ಒಟ್ಟಿಗೇ ಇರುವುದುಂಟು. ಇವುಗಳಲ್ಲಿ ಹಳೆಯದೇ ಮೊದಲು ಹಾಳಾಗುವುದೆಂಬ ನಂಬಿಕೆ ಸರಿಯಲ್ಲ. ಥರ್ಮಲ್ ಕಾಗದದ ತೂಕದ ಚೀಟಿ, ಡೀಸೆಲ್ ರಸೀದಿಗಳಲ್ಲಿ ಶಾಯಿಯೇ ಇರುವುದಿಲ್ಲ. ಕಾಗದದ ಲೇಪನವು ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ, ಅದರಲ್ಲೂ ಪ್ಲಾಸ್ಟಿಕ್ ಹೊದಿಕೆಯೊಳಗೆ, ಅದು ಕೆಲವೇ ತಿಂಗಳಲ್ಲಿ ಮಾಸಿಹೋಗಬಹುದು. ಆದರೆ ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಆದಕಾರಣ ಕೆಲಸವು ಅಜ್ಜನ ಪೆಟ್ಟಿಗೆಯಿಂದಲ್ಲ, ಈ ವಾರದ ರಸೀದಿಗಳಿಂದ ಆರಂಭವಾಗುವುದು ಲೇಸು.

ದಸ್ತಾವೇಜುಗಳಿಗೆ ಅಂಗುಲಕ್ಕೆ 300 ಚುಕ್ಕೆಗಳ ಸಾಂದ್ರತೆ ಸಾಕು. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಕಡತ ಚಿಕ್ಕದಾಗುವುದು ನಿಜ. ಆದರೆ ಮಸುಕಾದ ಮೊಹರು, ಹೆಬ್ಬೆಟ್ಟಿನ ಗುರುತು, ಕೆಂಪು ಶಾಯಿಯ ಷರಾ ಇವೆಲ್ಲ ಮಾಯವಾಗುತ್ತವೆ. ಹೀಗಾಗಿ ಬಣ್ಣದಲ್ಲಿಯೇ ತೆಗೆಯಬೇಕು. ಎ4 ಹಾಳೆಯೊಂದು ಸಂಕುಚಿತಗೊಳಿಸದೆ ಸುಮಾರು 26 ಎಂಬಿ ಆದರೂ ಜೆಪೆಗ್ ಅಥವಾ ಪಿಡಿಎಫ್ ರೂಪದಲ್ಲಿ ಬಹಳಷ್ಟು ತಗ್ಗುತ್ತದೆ. ಹಿಂಬದಿಯನ್ನು ಮರೆಯುವುದು ಸಾಮಾನ್ಯ ದೋಷ. ನೋಂದಣಿಯ ಷರಾ ಅನೇಕ ಪತ್ರಗಳಲ್ಲಿ ಅಲ್ಲಿಯೇ ಇರುತ್ತದೆ. ಮನೆಬಳಕೆಯ ಸ್ಕ್ಯಾನರಿನ ಗಾಜು ಸಾಮಾನ್ಯವಾಗಿ ಎ4 ಅಳತೆಯದು, ಛಾಪಾ ಕಾಗದವೋ ಅದಕ್ಕಿಂತ ಉದ್ದ. ಅಂಥದನ್ನು ನಡುವೆ ನಾಲ್ಕಾರು ಸಾಲು ಎರಡರಲ್ಲೂ ಬರುವಂತೆ ಎರಡು ಭಾಗವಾಗಿ ತೆಗೆಯಬೇಕು; ಮಡಿಸಬಾರದು. ಗಿರಣಿಯ ಸಮೀಪ ಮನೆಯಿದ್ದವರು ಗಾಜನ್ನು ಪ್ರತಿಸಲವೂ ಒರೆಸುವುದು ಅವಶ್ಯ.

ಕುಟುಂಬದ ಛಾಯಾಚಿತ್ರಗಳಿಗೆ 600 ಚುಕ್ಕೆ ಇರಲಿ. ಆಲ್ಬಮ್ಮಿಗೆ ಅಂಟಿಕೊಂಡ ಚಿತ್ರವನ್ನು ಕೀಳದೆ ಪುಟಸಮೇತ ಸ್ಕ್ಯಾನ್ ಮಾಡುವುದೇ ಕ್ಷೇಮ. ಚಿತ್ರದಲ್ಲಿರುವವರ ಹೆಸರು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಬರೆಸಿಕೊಳ್ಳಬೇಕು. ಯಾವ ಯಂತ್ರವೂ ಅದನ್ನು ಹೇಳಲಾರದು.

ಕಡತಕ್ಕೆ ಹೆಸರಿಡುವಾಗ ಇಸವಿ ಮೊದಲು, ನಂತರ ತಿಂಗಳು, ದಿನ, ವಿಷಯ ಎಂಬ ಕ್ರಮವಿದ್ದರೆ ಗಣಕವೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ನಿಜಾಮರ ಕಾಲದ ಪತ್ರಗಳಲ್ಲಿ ಫಸಲಿ ವರ್ಷವಿರುತ್ತದೆ. ಅದಕ್ಕೆ 590 ಕೂಡಿಸಿದರೆ ಸ್ಥೂಲವಾಗಿ ಇಸವಿ ದೊರೆಯುತ್ತದೆ: ಫಸಲಿ 1350 ಎಂದರೆ 1940-41. ಉರ್ದು ಓದಬಲ್ಲವರು ವಿರಳವಾಗುತ್ತಿರುವುದರಿಂದ ಸಾರಾಂಶವೊಂದನ್ನು ಕನ್ನಡದಲ್ಲಿ ಬರೆಸಿ ಜೊತೆಗಿಡುವುದು ಪಾಲುವಿಭಾಗದ ದಿನ ಉಪಯೋಗಕ್ಕೆ ಬರುತ್ತದೆ.

ಸ್ಕ್ಯಾನ್ ಆಯಿತೆಂದು ಮೂಲಪತ್ರವನ್ನು ರದ್ದಿಗೆ ಹಾಕುವವರಿದ್ದಾರೆ. ಇದು ಅಪಾಯಕರ. ಶಾಸನಗಳ ಅಚ್ಚುಪ್ರತಿ ದೊರೆಯಿತೆಂದು ಮಸ್ಕಿಯ ಅಶೋಕನ ಬಂಡೆಯನ್ನು ಯಾರೂ ಒಡೆಯಲಿಲ್ಲ! ಬ್ಯಾಂಕು ಅಡಮಾನಕ್ಕೆ ಮೂಲ ಕ್ರಯಪತ್ರವನ್ನೇ ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ನಿಗದಿತ ಪ್ರಮಾಣಪತ್ರವೂ ಬೇಕಾಗುತ್ತದೆ. ಆದರೂ ಮೂಲವು ಗೆದ್ದಲಿನ ಪಾಲಾದರೆ, ನೋಂದಣಿ ಸಂಖ್ಯೆ ಮತ್ತು ದಿನಾಂಕವನ್ನು ಹೇಳುವ ಈ ಪ್ರತಿಯ ಆಧಾರದಿಂದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೃಢೀಕೃತ ನಕಲು ಪಡೆಯುವುದು ಸುಲಭವಾಗುತ್ತದೆ.

ಪ್ರತಿಗಳು ಮೂರಿರಲಿ: ಗಣಕದಲ್ಲಿ ಒಂದು, ಹೊರ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಿನ ನಂಬಿಗಸ್ತ ಬಂಧುಗಳ ಮನೆಯಲ್ಲಿ ಇನ್ನೊಂದು. ವರ್ಷಕ್ಕೊಮ್ಮೆ, ದೀಪಾವಳಿಯ ಲೆಕ್ಕದ ಪೂಜೆಯ ಸಮಯಕ್ಕಾದರೂ, ಕಡತಗಳನ್ನು ತೆರೆದು ನೋಡಬೇಕು.