ಬಣ್ಣಕ್ಕೂ ಜೋಡಿ ಹೊಂದಬೇಕು

ಅಪ್ಪನ ಹಳೆಯ ಮಾರುತಿ 800ಕ್ಕೆ ಹೊಸ ಬಣ್ಣ ಹೊಡೆಸುವ ಆಸೆಯೇ? ಶೇಡ್ ಕಾರ್ಡ್‌ಗಿಂತ ಮೊದಲು ಹಳೆಯ ಬಣ್ಣ ನೋಡಿ. ಎನ್‌ಸಿ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಕಣ್ಣಿಗೆ ಬೀಳದ ಮೂಲೆಯೊಂದನ್ನು ಉಜ್ಜಿ. ಏನೂ ಆಗದಿದ್ದರೆ ಪದರ ಗಟ್ಟಿಯಿದೆ ಎಂದರ್ಥ. ಕರಗಿ ಬಟ್ಟೆಗೆ ಹತ್ತಿದರೆ ಅಥವಾ ಸುಕ್ಕುಗಟ್ಟಿದರೆ ಕೆರೆದು ತೆಗೆಸುವುದೇ ಕ್ಷೇಮ. ಅದರ ಮೇಲೆ ನೇರವಾಗಿ ಪಿಯು ಪೇಂಟ್ ಹೊಡೆದರೆ ಕೆಳಪದರ ಉಬ್ಬಿ, ದುಡ್ಡೂ ದಂಡ.

ಬರಿ ತಗಡಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು ಸರ್ಫೇಸರ್, ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಪ್ರೈಮರ್, ಹಾರ್ಡ್‌ನರ್, ಥಿನ್ನರ್ ಒಂದೇ ಕಂಪನಿಯವಾಗಿರಲಿ. ಬೇರೆ ಬಣ್ಣವಾದರೆ ಆರ್‌ಸಿಯಲ್ಲೂ ಬದಲಾಯಿಸಿಕೊಳ್ಳಿ.

ಪಿಯು ಹಾರ್ಡ್‌ನರ್‌ನಲ್ಲಿರುವ ಐಸೊಸೈನೇಟ್ ಆಸ್ತಮಾ ತರಬಲ್ಲದು. ಸ್ಪ್ರೇ ಗನ್ ಹಿಡಿದ ಹುಡುಗ ಮೂಗಿಗೆ ಬರೀ ಕರ್ಚೀಫು ಕಟ್ಟಿದ್ದರೆ ಸರಿಯಾದ ಮಾಸ್ಕ್ ಕೊಡುವಂತೆ ಮಾಲೀಕರಿಗೆ ಹೇಳಿ. ನಮ್ಮ ಕಾರು ಹೊಳೆಯಲೆಂದು ಅವನ ಉಸಿರು ಕಟ್ಟಬಾರದು.